ಶಾಣ್ಯಾ ಹುಡುಗ ಪಾಟಿ ಒರೆಸಿದ್ದೇಕೆ?

ಮಾನ್ಯ ಸಂಪಾದಕರೇ,

ನವೋದಯ, ಸೈನಿಕ ಶಾಲೆ ಹಾಗೂ ಕಿತ್ತೂರಿನ ಬಾಲಕಿಯರ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ಅಣಿಗೊಳಿಸುವ ತರಬೇತಿ ಕೇಂದ್ರಗಳು ನಮ್ಮ ವಿಜಯಪುರದಲ್ಲಿ ಸಾಕಷ್ಟಿವೆ. ನಾಲ್ಕನೆಯ ತರಗತಿಯ ಮಗುವನ್ನು ಹಳ್ಳಿಯಿಂದ ತಂದು ಇಲ್ಲಿ ಬಿಟ್ಟುಹೋಗುವ ಪಾಲಕರ ಆಸೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ರೈತನ ಮಗುವಿಗೆ ಒಳ್ಳೆಯ ಶಿಕ್ಷಣದ ಬಾಗಿಲುಗಳಿರುವುದೇ ಕೆಲವು. ಆರನೆಯ ತರಗತಿಯ ನವೋದಯ ಪರೀಕ್ಷೆಯನ್ನಂತೂ ಮಗು ಒಮ್ಮೆ ಮಾತ್ರ ಬರೆಯಬಹುದು. ಎರಡು ಗಂಟೆ, 80 ಪ್ರಶ್ನೆ, ಅಲ್ಲಿಗೆ ಮುಗಿಯಿತು. ಇಂಥ ಕಠಿಣ ಪರೀಕ್ಷೆಗೆ ಸಿದ್ಧವಾಗುತ್ತಿರುವ ಮಗುವಿನೆದುರು ನಾವು ಆಡುವ ಒಂದು ಮಾತಿನ ಬಗ್ಗೆ ಈ ಪತ್ರ.

ಆ ಮಾತು ‘ಶಾಣ್ಯಾ’, ಅಂದರೆ ಜಾಣ. ನಾನು ಶಿಕ್ಷಕನಾಗಿದ್ದಾಗ ಮೂರನೆಯ ತರಗತಿಯ ಹುಡುಗನೊಬ್ಬನನ್ನು ಎಲ್ಲರೆದುರು ದಿನವೂ ಹಾಗೆ ಕರೆಯುತ್ತಿದ್ದೆ. ಭಾಗಾಕಾರ ಆರಂಭಿಸಿದ ವಾರ, ಅವನ ಬಳಿ ಹೋದಾಗಲೆಲ್ಲ ಅವನ ಪಾಟಿ (ಸ್ಲೇಟು) ಖಾಲಿಯಿರುತ್ತಿತ್ತು. ಬರೆದಿರಲಿಲ್ಲವೆಂದಲ್ಲ, ನಾನು ಬರುವುದನ್ನು ಕಂಡು ಅಂಗಿಯ ತೋಳಿನಿಂದ ಒರೆಸಿಬಿಡುತ್ತಿದ್ದ. ಅವನ ಪಕ್ಕದಲ್ಲಿ ಕೂರುತ್ತಿದ್ದ, ನಾನೆಂದೂ ಹೊಗಳದ ಹುಡುಗಿ ಮಾತ್ರ ತಪ್ಪು ಲೆಕ್ಕವನ್ನೇ ಎತ್ತಿ ಹಿಡಿದು ‘ಇಲ್ಲಿತನಕಾ ಬಂತ್ರಿ ಸರ್, ಮುಂದ ಹೋಗವಲ್ದು’ ಎನ್ನುತ್ತಿದ್ದಳು. ಹುಡುಗನಿಗೆ ಸೊಕ್ಕು ಬಂದಿದೆ ಎಂದು ಆಗ ನಾನು ತಿಳಿದಿದ್ದೆ.

ತಪ್ಪು ನನ್ನದೆಂದು ತಿಳಿದದ್ದು, ಅಮೆರಿಕದ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದ ವಿವರ ಓದಿದಾಗ. ಅವರು ಐದನೆಯ ತರಗತಿಯ ಮಕ್ಕಳಿಗೆ, ನಮ್ಮ ನವೋದಯ ಪರೀಕ್ಷೆಯ ಮಾನಸಿಕ ಸಾಮರ್ಥ್ಯ ವಿಭಾಗದಲ್ಲಿ ಬರುವಂಥ ಆಕೃತಿಗಳ ಒಗಟುಗಳನ್ನು ಕೊಟ್ಟರು. ಮೊದಲ ಸುತ್ತಿನ ನಂತರ ಕೆಲವರಿಗೆ ‘ನೀನು ಜಾಣ’ ಎಂದೂ ಕೆಲವರಿಗೆ ‘ನೀನು ಚೆನ್ನಾಗಿ ಶ್ರಮಪಟ್ಟಿದ್ದೀಯೆ’ ಎಂದೂ ಹೇಳಿದರು. ಎರಡನೆಯ ಸುತ್ತು ಬೇಕೆಂದೇ ಬಹಳ ಕಠಿಣವಾಗಿತ್ತು, ಎಲ್ಲರೂ ಸೋತರು. ಮೂರನೆಯದು ಮೊದಲಿನಷ್ಟೇ ಸುಲಭವಾಗಿದ್ದರೂ ಜಾಣರೆನಿಸಿಕೊಂಡವರು ಮೊದಲಿಗಿಂತ ಕಡಿಮೆ ಬಿಡಿಸಿದರು. ಶ್ರಮಕ್ಕೆ ಮೆಚ್ಚುಗೆ ಪಡೆದವರು ಹೆಚ್ಚು ಬಿಡಿಸಿದರು. ತಮ್ಮ ಅಂಕಗಳನ್ನು ಬೇರೆ ಶಾಲೆಯ ಅಪರಿಚಿತ ಮಗುವಿಗೆ ಬರೆದು ತಿಳಿಸಲು ಹೇಳಿದಾಗ, ಜಾಣರ ಗುಂಪಿನಲ್ಲಿ ಸುಮಾರು ಹತ್ತಕ್ಕೆ ನಾಲ್ವರು ಅಂಕ ಏರಿಸಿ ಬರೆದರು. ಇದನ್ನು ಓದಿದಾಗ ನನಗೆ ನೆನಪಾದದ್ದು ಆ ಅಂಗಿಯ ತೋಳು.

ಇನ್ನೂ ಚಿಕ್ಕವರ ವಿಷಯವೂ ಇದೆ. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ದೊಡ್ಡವರು ಡಬ್ಬಿಯಿಂದ ಆಟಿಕೆ ತೆಗೆಯಲು ಹೆಣಗಿ ಕೊನೆಗೆ ಗೆದ್ದದ್ದನ್ನು ಕಂಡ ಹದಿನೈದು ತಿಂಗಳ ಕೂಸುಗಳು, ಸುಲಭವಾಗಿ ತೆಗೆದದ್ದನ್ನು ಕಂಡ ಕೂಸುಗಳಿಗಿಂತ ಹೆಚ್ಚು ಹೊತ್ತು ತಮ್ಮ ಆಟಿಕೆಯೊಂದಿಗೆ ಪ್ರಯತ್ನಿಸಿದವು. ಬಡಿಯುತ್ತಿದ್ದ ರೊಟ್ಟಿ ಹರಿದರೆ ನಮ್ಮ ಹೆಣ್ಣುಮಕ್ಕಳು ಹಿಟ್ಟನ್ನು ಕೂಡಿಸಿ ನಾದಿ ಮತ್ತೆ ಬಡಿಯುತ್ತಾರೆ. ಕೂಸು ಅದನ್ನೂ ನೋಡುತ್ತಿರುತ್ತದೆ. ಆದರೆ ಗಣಿತ ಕಲಿಸುವ ನಾವು ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನು ಎಲ್ಲಿಯೂ ತಡವರಿಸದೆ ಬೋರ್ಡಿನ ಮೇಲೆ ಬಿಡಿಸಿ ತೋರಿಸುತ್ತೇವೆ.

ಮಾತೊಂದನ್ನು ಬದಲಿಸಿದರೆ ಎಲ್ಲ ಮಕ್ಕಳೂ ಆಯ್ಕೆಯಾಗುತ್ತಾರೆಂದು ನಾನು ಹೇಳುತ್ತಿಲ್ಲ. ಬುದ್ಧಿ ಪ್ರಯತ್ನದಿಂದ ಬೆಳೆಯುತ್ತದೆ ಎಂಬ ಮನೋಭಾವವನ್ನು ಮಕ್ಕಳಲ್ಲಿ ಮೂಡಿಸುವ ತರಬೇತಿಯಿಂದ ಅಂಕಗಳ ಮೇಲೆ ಆಗುವ ಪರಿಣಾಮ ಸಾಮಾನ್ಯವಾಗಿ ಸಣ್ಣದೆಂದು ನಂತರದ ಪರಿಶೀಲನೆಗಳು ತೋರಿಸಿವೆ. ದಾರಿ ತೋರಿಸದೆ ‘ಇನ್ನಷ್ಟು ಕಷ್ಟಪಡು’ ಎಂದಷ್ಟೇ ಹೇಳುವುದು ಬೈಗುಳವೇ ಸರಿ.

ತರಬೇತಿ ಕೇಂದ್ರಗಳವರು ವಾರದ ಪರೀಕ್ಷೆಯ ಅಂಕ ನೋಡಿ ಮಕ್ಕಳನ್ನು ಮುಂದಿನ ಸಾಲು, ಹಿಂದಿನ ಸಾಲು ಎಂದು ಕೂರಿಸುವುದಿದ್ದರೆ ಅದನ್ನು ಕೈಬಿಡಬೇಕು. ಶಿಕ್ಷಣ ಇಲಾಖೆಯು ಕ್ಲಸ್ಟರ್ ಮಟ್ಟದ ಒಂದು ಸಮಾಲೋಚನಾ ಸಭೆಯಲ್ಲಾದರೂ, ಮಕ್ಕಳು ತಪ್ಪಾಗಿ ಬಿಡಿಸಿದ ನಾಲ್ಕಾರು ಲೆಕ್ಕಗಳನ್ನು ಶಿಕ್ಷಕರು ತಂದು, ಆಗ ತಾವು ಮಗುವಿಗೆ ಏನೆಂದಿದ್ದೆವು ಎಂಬುದನ್ನೂ ಮುಚ್ಚಿಡದೆ ಚರ್ಚಿಸಲು ಅವಕಾಶ ಮಾಡಿಕೊಡಲಿ. ಕರೆದರೆ ನಾನೂ ಬಂದು ನನ್ನದನ್ನು ಹೇಳುತ್ತೇನೆ.

– ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ, ವಿಜಯಪುರ