ಅಕ್ಕನ ಪ್ರಶ್ನೆಗೆ ಫ್ರೈಬರ್ಗ್‌ನಿಂದ ಉತ್ತರ

ಪ್ರೀತಿಯ ಅಕ್ಕನಿಗೆ,

ಪುಟ್ಟನಿಗೆ ಜ್ವರ ಬಿಟ್ಟಿದೆ, ಎದ್ದು ಕೂತು ರೊಟ್ಟಿ ತಿಂದ ಅಂತ ಭಾವ ಫೋನ್ ಮಾಡಿದ ಮೇಲೆ ನನಗೂ ನಿದ್ದೆ ಬಂತು. ಬೆನ್ನಿನಿಂದ ನೀರು ತೆಗೆಯುವಾಗ ಅವ್ವ ಅತ್ತಳಂತೆ. ಆ ಪರೀಕ್ಷೆ ಆಗಿದ್ದಕ್ಕೇ ಇದು ಬ್ಯಾಕ್ಟೀರಿಯಾದ ಮೆದುಳು ಜ್ವರ (ಮೆದುಳಿನ ಪೊರೆ ಊದಿಕೊಳ್ಳುವ ಕಾಯಿಲೆ) ಅಲ್ಲ, ವೈರಸ್‌ನದು ಅಂತ ಗೊತ್ತಾಯಿತು ಅಂತ ಅವಳಿಗೆ ಹೇಳು. ಬ್ಯಾಕ್ಟೀರಿಯಾದ್ದು ಗಂಟೆಗಳಲ್ಲೇ ಜೀವಕ್ಕೆ ಕುತ್ತು ತರಬಹುದು. ವೈರಸ್‌ನದು ಹೆಚ್ಚಿನ ಮಕ್ಕಳಲ್ಲಿ ವಾರ, ಹತ್ತು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ.

ಕೊರೊನಾ ಹೊತ್ತಲ್ಲಿ ಮನೆಯಲ್ಲೇ ಇದ್ದೆವು, ಮಕ್ಕಳಿಗೆ ನೆಗಡಿಯೂ ಬರಲಿಲ್ಲ, ಈಗ ಶಾಲೆ ಬಿಡಿಸಲಾ ಅಂತ ಕೇಳಿದ್ದೀಯ. ನೀನು ಗಮನಿಸಿದ್ದು ನಿಜ. ಈ ಕಾಯಿಲೆ ತರುವುದು ಹೆಚ್ಚಾಗಿ ಎಂಟೆರೋವೈರಸ್‌ಗಳು. ಕರುಳಲ್ಲಿ ಬೆಳೆದು, ಕೊಳೆ ಕೈಯಿಂದ ಬಾಯಿಗೆ ಹೋಗುತ್ತವೆ. ಇಲ್ಲಿ ಜರ್ಮನಿಯಲ್ಲಿ ಬೇಸಿಗೆ, ಅಂದರೆ ಜುಲೈಯಿಂದ ಸೆಪ್ಟೆಂಬರ್, ಅವುಗಳ ಸುಗ್ಗಿ. 2020ರ ಮಾರ್ಚ್‌ನಲ್ಲಿ ಶಾಲೆ, ಶಿಶುವಿಹಾರ, ಈಜುಕೊಳ ಎಲ್ಲಾ ಮುಚ್ಚಿದವು. ಆ ಬೇಸಿಗೆ ನಮ್ಮ ಲ್ಯಾಬಿಗೆ ಇವು ಬಂದಿದ್ದೇ ಅಪರೂಪ. ನೆದರ್‌ಲ್ಯಾಂಡ್ಸ್, ದಕ್ಷಿಣ ಕೊರಿಯಾದಲ್ಲೂ ಹೀಗೇ ಕುಸಿದವು. ಆಸ್ಪತ್ರೆಗೆ ಹೋಗಲು ಹೆದರಿ ಮನೆಯಲ್ಲೇ ಉಳಿದವರೂ ಇದ್ದರು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎಲ್ಲರೂ ಮಾಸ್ಕನ್ನೇ ಹೊಗಳುತ್ತಾರೆ. ನನ್ನ ಕೇಳಿದರೆ, ಈ ವೈರಸ್ ವಿಷಯದಲ್ಲಿ ಜಾಸ್ತಿ ಕೆಲಸ ಮಾಡಿದ್ದು ಮಕ್ಕಳು ಒಂದೆಡೆ ಸೇರದೇ ಇದ್ದದ್ದು, ಆಮೇಲೆ ಸೋಪು. ಭಾವ ಇನ್ನೂ ಜೇಬಲ್ಲಿ ಸ್ಯಾನಿಟೈಸರ್ ಇಟ್ಟುಕೊಂಡೇ ಓಡಾಡ್ತಾರಲ್ವಾ? ಕೊರೊನಾ ವೈರಸ್‌ಗೆ ಕೊಬ್ಬಿನ ಹೊದಿಕೆ ಇದೆ, ಆಲ್ಕೋಹಾಲ್ ಅದನ್ನು ಒಡೆಯುತ್ತದೆ. ಎಂಟೆರೋವೈರಸ್‌ಗೆ ಆ ಹೊದಿಕೆಯೇ ಇಲ್ಲ. ಹಾಗಾಗಿ ಸ್ಯಾನಿಟೈಸರ್‌ಗೆ ಅಷ್ಟಾಗಿ ಬಗ್ಗುವುದಿಲ್ಲ. ಸೋಪು ಹಚ್ಚಿ, ಉಜ್ಜಿ, ನೀರಲ್ಲಿ ತೊಳೆದು ಕಳಿಸಬೇಕು.

ಲಾಕ್‌ಡೌನ್‌ಗೆ ಜಗ್ಗದವೂ ಇದ್ದವು. ಸಿಡುಬಲ್ಲ, ಸೀತಾಳೆ ಸಿಡುಬಿನ ವೈರಸ್ ಇದೆಯಲ್ಲ, ಅದು ಚಿಕ್ಕಂದಿನಲ್ಲೇ ಬಂದು ನರದ ಬುಡದಲ್ಲಿ ಮಲಗಿರುತ್ತದೆ. ವರ್ಷಗಳ ಮೇಲೆ ಎದ್ದು ಮೆದುಳಿನ ಪೊರೆಗೆ ನುಗ್ಗಬಹುದು. ಮನೆ ಬಾಗಿಲು ಹಾಕಿದರೆ ಅದಕ್ಕೇನು? ಇನ್ನು ಉಣ್ಣೆ ಹುಳದಿಂದ ಬರುವ ಮೆದುಳು ಜ್ವರ 2020ರಲ್ಲಿ ಜರ್ಮನಿಯಲ್ಲಿ 700 ಪ್ರಕರಣ ದಾಟಿ, ಅಲ್ಲಿಯವರೆಗಿನ ದಾಖಲೆ ಮುರಿಯಿತು. ಎಲ್ಲಾ ಬಂದ್ ಆದಾಗ ಜನ, ನಾವು ಕೊಂಡಜ್ಜಿ ಗುಡ್ಡ ಹತ್ತಿದ ಹಾಗೆ, ಕಾಡಿಗೆ ನಡೆದರು. ಅದೂ ಒಂದು ಕಾರಣ ಅಂತಾರೆ. 1957ರಲ್ಲಿ ನಮ್ಮ ಪಕ್ಕದ ಶಿವಮೊಗ್ಗದ ಕ್ಯಾಸನೂರಲ್ಲಿ ಸಿಕ್ಕ ಮಂಗನ ಕಾಯಿಲೆ ವೈರಸ್ ಇದರ ದಾಯಾದಿ.

ನಿರ್ಬಂಧ ಸಡಿಲವಾದ ಮೇಲೆ ಎಂಟೆರೋವೈರಸ್‌ಗಳು ವಾಪಸ್ ಬಂದವು. ಅಷ್ಟರಲ್ಲಿ ಅವುಗಳ ಪರಿಚಯವೇ ಇಲ್ಲದ ಪುಟ್ಟ ಮಕ್ಕಳು ಎಷ್ಟೋ ಇದ್ದರು. 2022ರಲ್ಲಿ ಕೇರಳದ ಟೊಮೆಟೊ ಜ್ವರ ಅಂತ ಟಿವಿಯಲ್ಲಿ ಕೂಗಾಡಿದರಲ್ಲ, ಅದೂ ಈ ಕುಟುಂಬದ ವೈರಸ್‌ನದೇ.

ಮನೆಯಲ್ಲಿಟ್ಟುಕೊಂಡರೆ ವೈರಸ್ ತಪ್ಪುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೇ. ಅದಕ್ಕೇ ಸುಮ್ನೆ ಶಾಲೆ ಬಿಡಿಸಬೇಡ. ಚೇತರಿಸಿಕೊಂಡ ಮೇಲೆ ಡಾಕ್ಟರ್ ಕೇಳಿ ಕಳಿಸು. ಜ್ವರ ಬಿಟ್ಟರೂ ಕೆಲವು ವಾರ ಮಲದಲ್ಲಿ ವೈರಸ್ ಹೋಗುತ್ತಿರುತ್ತದೆ. ಹಿತ್ತಲ ನಲ್ಲಿ ಹತ್ತಿರ ಒಂದು ಸೋಪು ಇಡು, ಚಿಕ್ಕವಳಿಗೂ ಅಭ್ಯಾಸ ಮಾಡಿಸು. ಇಬ್ಬರ ಲಸಿಕೆ ಕಾರ್ಡಿನ ಫೋಟೊ ಕಳಿಸು. ನ್ಯೂಮೋಕಾಕಲ್, ಹಿಬ್ ಎರಡೂ ಆಗಿವೆಯಾ ನೋಡಬೇಕು. ಅವು ಬ್ಯಾಕ್ಟೀರಿಯಾದ ಮೆದುಳು ಜ್ವರ ತಡೆಯುವ ಲಸಿಕೆಗಳು.

ನಿನ್ನ ತಮ್ಮ