ಶೂಟಿಂಗಿಗೆ ಊರು ಬೇಕು, ಊರಿನ ಹೆಸರು ಬೇಡವೇ?

ಮಾನ್ಯ ಸಂಪಾದಕರೇ,

ಬಾದಾಮಿಯ ಅಗಸ್ತ್ಯ ತೀರ್ಥ ಕೆರೆಯ ದಂಡೆಯಲ್ಲಿ ಕಳೆದ ವಾರ ನಡೆದ ಚಿತ್ರೀಕರಣವನ್ನು ಊರಿಗೆ ಒದಗಿದ ಭಾಗ್ಯವೆಂಬಂತೆ ವರ್ಣಿಸಿದ ವರದಿಯನ್ನು ತಮ್ಮ ಪತ್ರಿಕೆಯಲ್ಲಿ ಓದಿದ ಮೇಲೆ, ಅದೇ ದಂಡೆಯ ಓಣಿಯಲ್ಲಿ ವಾಸಿಸುವ ನನಗೆ ಸುಮ್ಮನಿರಲು ಆಗಲಿಲ್ಲ. ನಾಯಕ ನಟನನ್ನು ನೋಡಲು ಮುಗಿಬಿದ್ದವರ ಚಿತ್ರ ಅಚ್ಚಾಗಿದೆ. ಹಗ್ಗ ಕಟ್ಟಿ ತಡೆಯಲಾದ ಓಣಿಯ ಜನರ ಬಗ್ಗೆ ಒಂದು ಸಾಲೂ ಇಲ್ಲ.

ಅಂದು ಬೆಳಗಿನಿಂದಲೇ ಓಣಿಯ ಬಾಯಿಗೆ ಜನರೇಟರ್ ವಾಹನವನ್ನು ಅಡ್ಡ ನಿಲ್ಲಿಸಿದ್ದರಿಂದ ಆಟೊ ಕೂಡ ಒಳಗೆ ಬರಲಿಲ್ಲ. ಮೊಣಕಾಲು ನೋವಿನಿಂದ ಬಳಲುವ ನನ್ನ ತಾಯಿಯವರನ್ನು ದವಾಖಾನೆಗೆ ಕರೆದೊಯ್ಯಲು ಮುಖ್ಯ ರಸ್ತೆಯವರೆಗೆ ನಡೆಸಿಕೊಂಡೇ ಹೋಗಬೇಕಾಯಿತು. ಗ್ಯಾಸ್ ಸಿಲಿಂಡರ್ ತಂದವನು ಹಾಗೆಯೇ ಹಿಂದಿರುಗಿದನು. ಬಟ್ಟೆ ಒಗೆಯಲು ಕೆರೆಗೆ ಇಳಿದಿದ್ದ ಹೆಣ್ಣುಮಕ್ಕಳನ್ನು ಕ್ಯಾಮೆರಾಕ್ಕೆ ಅಡ್ಡ ಬರುತ್ತೀರೆಂದು ಗದರಿಸಿ ಎಬ್ಬಿಸಿದರು. ಹುಬ್ಬಳ್ಳಿಯಿಂದ ಬಂದಿದ್ದ ನಮ್ಮ ಬೀಗರು, ಚಿತ್ರತಂಡದ ಕಾವಲುಗಾರರು ತಡೆದಿದ್ದರಿಂದ, ಆಚೆ ದಂಡೆಯ ಭೂತನಾಥ ಗುಡಿಯನ್ನು ಈಚೆ ದಂಡೆಯಿಂದಲೇ ನೋಡಿ ಮರಳಿದರು. ರಾತ್ರಿಯೂ ದೀಪ, ಗದ್ದಲ ನಿಲ್ಲದೆ, ಪರೀಕ್ಷೆಗೆ ಓದುವ ಮಕ್ಕಳು ಪುಸ್ತಕ ಮುಚ್ಚಿಟ್ಟರು. ಮರುದಿನ ದಂಡೆಯ ತುಂಬ ಚಹಾದ ಕಪ್ಪು, ಊಟದ ತಟ್ಟೆಗಳು ಬಿದ್ದಿದ್ದವು.

ಭೂತನಾಥ ಗುಡಿಯಂತಹ ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಣ ಹೇಗೆ ನಡೆಯಬೇಕೆಂದು ಕೇಂದ್ರ ಸರ್ಕಾರದ 1959ರ ಪ್ರಾಚೀನ ಸ್ಮಾರಕಗಳ ನಿಯಮಗಳಲ್ಲಿಯೇ ಬರೆದಿದೆ. ಜನರೇಟರನ್ನು ಸ್ಮಾರಕದಿಂದ ದೂರ ಇಡಬೇಕು, ಸ್ಮಾರಕದ ಯಾವ ಭಾಗಕ್ಕೂ ನೀರು, ಎಣ್ಣೆ, ಗ್ರೀಸ್ ಹಚ್ಚಬಾರದು, ಆವರಣಕ್ಕೆ ಬಂದವರ ಓಡಾಟಕ್ಕೆ ಅಡ್ಡಿಪಡಿಸಬಾರದು. ಹೀಗಿರುವಾಗ ನಮ್ಮ ಬೀಗರನ್ನು ತಡೆಯುವ ಅಧಿಕಾರವನ್ನು ಆ ಕಾವಲುಗಾರರಿಗೆ ಕೊಟ್ಟವರು ಯಾರು?

ನಿಯಮಗಳೆಲ್ಲ ಇರುವುದು ನಮ್ಮಂಥವರಿಗೆ ಮಾತ್ರ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಸೋರುವ ಮಾಳಿಗೆಯನ್ನು ದುರಸ್ತಿ ಮಾಡಿಸಲಿಕ್ಕೂ ಅನುಮತಿ ಪತ್ರ ಬೇಕು. ಹೋದ ಮಳೆಗಾಲಕ್ಕೆ ಮುಂಚೆ ನಾನು ಕೊಟ್ಟ ಅರ್ಜಿಗೆ ಇಂದಿಗೂ ಉತ್ತರವಿಲ್ಲ. ಕೇಳಲು ಹೋದರೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎನ್ನುತ್ತಾರೆ. ಗಟಾರು ತುಂಬಿ ಹರಿದಾಗಲೂ, ಬೀದಿದೀಪ ಕೆಟ್ಟಾಗಲೂ ಸಿಗದ ಈ ಸಾಹೇಬರು ಶೂಟಿಂಗಿನ ದಿನ ಕುಟುಂಬ ಸಮೇತ ಬಂದು ನಟರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು.

ಇಷ್ಟೆಲ್ಲ ಸಹಿಸಿದರೂ ಊರಿಗೆ ಅದರ ಹೆಸರಾದರೂ ದಕ್ಕುತ್ತದೆಯೇ? 2012ರ ‘ರೌಡಿ ರಾಥೋಡ್’ ಹಿಂದಿ ಚಿತ್ರದಲ್ಲಿ ಕಥೆ ನಡೆಯುವುದು ಬಿಹಾರದಲ್ಲಿ, ಚಿತ್ರೀಕರಣದ ಒಂದು ಭಾಗ ನಡೆದದ್ದು ನಮ್ಮ ಬಾದಾಮಿಯಲ್ಲಿ. ಆದರೆ ಇಲ್ಲಿನ ಮೂರನೆಯ ಗುಹೆಯನ್ನು ಕೊರೆಯಿಸಿದ ಚಾಲುಕ್ಯ ಮನೆತನದ ಮಂಗಲೇಶನು ಯಾರ ಆಳ್ವಿಕೆಯಲ್ಲಿ, ಯಾವ ಶಕವರ್ಷದಲ್ಲಿ ಅದು ಮುಗಿಯಿತೆಂದು ಕ್ರಿ.ಶ. 578ರಲ್ಲಿಯೇ ಕಲ್ಲಿನಲ್ಲಿ ಬರೆಯಿಸಿದನು. ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಗಳೂ ರಾತ್ರಿಯಿಡೀ ಆಟವಾಡುತ್ತವೆ. ಆದರೆ ಅವರು ಯಾರ ಮನೆಯ ದಾರಿಯನ್ನೂ ಕಟ್ಟುವುದಿಲ್ಲ, ತಮ್ಮ ಪ್ರಚಾರದಲ್ಲಿ ಬನಶಂಕರಿಯ ಹೆಸರನ್ನು ಮರೆಯುವುದೂ ಇಲ್ಲ. ಬಂಡೆ, ಕೆರೆ, ಗುಡಿ ಎಲ್ಲವನ್ನೂ ಬಳಸಿಕೊಂಡು ಹೋಗುವ ಈ ದೊಡ್ಡ ತಂಡಗಳಿಗೆ ‘ಬಾದಾಮಿ’ ಎಂಬ ಮೂರು ಅಕ್ಷರ ಭಾರವಾಗುತ್ತವೆಯೇ?

ಆದ್ದರಿಂದ ಜನವಸತಿಯ ಓಣಿಗಳ ದಾರಿ ಕಟ್ಟುವಂತಹ ಚಿತ್ರೀಕರಣಕ್ಕೆ ಇನ್ನು ಮುಂದೆ ಅನುಮತಿಯನ್ನೇ ಕೊಡಬಾರದು. ಕೊಡುವುದಾದರೆ ಮೊದಲೇ ಡಂಗುರ ಹೊಡೆಸಿ ತಿಳಿಸಬೇಕು ಮತ್ತು ಚಿತ್ರದಲ್ಲಿ ಬಾದಾಮಿಯ ಹೆಸರನ್ನು ಕಡ್ಡಾಯವಾಗಿ ಹಾಕಿಸಬೇಕು. ಫೋಟೊ ತೆಗೆಸಿಕೊಂಡ ಅಧಿಕಾರಿಗಳು ಒಮ್ಮೆ ನಮ್ಮ ಓಣಿಗೂ ಬಂದು ಜನರ ಮಾತು ಕೇಳಲಿ. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಕುರ್ಚಿ ಬಿಟ್ಟು ಹೋಗಲಿ.

— ಕೆರೆ ದಂಡೆಯ ನಿವಾಸಿ, ಬಾದಾಮಿ, ಬಾಗಲಕೋಟೆ ಜಿಲ್ಲೆ