‘ಕೋರ್ ಪಾಸಿಟಿವ್’ ಎಂದ ಮಾತ್ರಕ್ಕೆ ಕಿಡ್ನಿ ದಾನ ನಿಲ್ಲಬೇಕಿಲ್ಲ

ಮಾನ್ಯ ಸಂಪಾದಕರೇ,

ಕಿಡ್ನಿ ಕೊಡಲು ಮುಂದೆ ಬಂದವರ ರಕ್ತದಲ್ಲಿ ಹೆಪಟೈಟಿಸ್ ಬಿ ಎಂಬ ಲಿವರ್ ಸೋಂಕು ಹಿಂದೆಂದೋ ಬಂದುಹೋದ ಗುರುತು (ಆಸ್ಪತ್ರೆಯ ಮಾತಿನಲ್ಲಿ ‘ಕೋರ್ ಪಾಸಿಟಿವ್’) ಸಿಕ್ಕರೆ ಸಾಕು, ಎಷ್ಟೋ ಮನೆಗಳಲ್ಲಿ ಕಸಿಯ ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ಮುಂಬಯಿಯ ಡಯಾಲಿಸಿಸ್ ವಿಭಾಗಗಳಲ್ಲಿ ವರ್ಷಗಟ್ಟಲೆ ದುಡಿದ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಹಾಗೆ ಮುಗಿಯಬೇಕಾಗಿಲ್ಲ ಎನ್ನುವುದಕ್ಕೇ ಈ ಪತ್ರ.

ಡೊಂಬಿವಲಿಯಲ್ಲಿ ನೆಲೆಸಿದ್ದ ಕುಂದಾಪುರ ಕಡೆಯ ಹೆಂಗಸೊಬ್ಬರು ಗಂಡನಿಗೆ ಕಿಡ್ನಿ ಕೊಡಲು ಸಿದ್ಧರಾಗಿದ್ದರು. ರಕ್ತದ ಗುಂಪು ಹೊಂದಿತ್ತು, ಗಂಡನ ದೇಹ ಆ ಕಿಡ್ನಿಯನ್ನು ತಿರಸ್ಕರಿಸೀತೇ ಎಂದು ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆ ಕೂಡ ಸರಿಯಾಗಿತ್ತು. ವರದಿಯಲ್ಲಿ ‘ಎಚ್‌ಬಿಎಸ್‌ಎಜಿ: ನೆಗೆಟಿವ್’ (ಇದು ಸದ್ಯದ ಸೋಂಕಿನ ಪರೀಕ್ಷೆ) ಎಂದಿತ್ತು, ಅದರ ಕೆಳಗೆ ‘ಆಂಟಿ-ಎಚ್‌ಬಿಸಿ ಟೋಟಲ್: ರಿಯಾಕ್ಟಿವ್’, ಅಂದರೆ ಕೋರ್ ಆಂಟಿಬಾಡಿ ಇದೆ ಎಂದು. ಆ ಸಾಲಿಗೆ ಯಾರೋ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು, ಅರ್ಥ ಬಿಡಿಸಿ ಹೇಳಿದವರಿಲ್ಲ. “ಸಿಸ್ಟರ್, ನನಗೆ ಒಮ್ಮೆಯೂ ಕಾಮಾಲೆ ಆದದ್ದಿಲ್ಲವಲ್ಲ?” ಎಂದು ಅವರು ನನ್ನನ್ನು ಕೇಳುವ ಹೊತ್ತಿಗೆ ಮನೆಯಲ್ಲಿ ಅವರ ತಟ್ಟೆ, ಲೋಟ ಬೇರೆಯಾಗಿದ್ದವು. ಹೆಪಟೈಟಿಸ್ ಬಿ ಒಟ್ಟಿಗೆ ಉಂಡರೆ ಹರಡುವ ರೋಗವೇ ಅಲ್ಲ. ಆ ತಾಯಿಗೆ ಆದ ಅವಮಾನ ಇವತ್ತಿಗೂ ನನ್ನನ್ನು ಕಾಡುತ್ತದೆ.

ದೊಡ್ಡವರಾದ ಮೇಲೆ ಈ ಸೋಂಕು ತಗಲಿದವರಲ್ಲಿ ಹೆಚ್ಚಿನವರಿಗೆ ಅದು ತಾನಾಗಿ ವಾಸಿಯಾಗುತ್ತದೆ. ಅನೇಕರಿಗೆ ಬಂದದ್ದೂ ಗೊತ್ತಾಗುವುದಿಲ್ಲ. ಆದರೆ ಆ ಸೋಂಕಿಗೆ ಪ್ರತಿಯಾಗಿ ದೇಹ ತಯಾರಿಸಿದ ಕೋರ್ ಆಂಟಿಬಾಡಿ ಸಾಮಾನ್ಯವಾಗಿ ಜೀವನಪೂರ್ತಿ ರಕ್ತದಲ್ಲಿ ಉಳಿಯುತ್ತದೆ. ವೈರಸ್ಸಿನ ಅಂಶ ಯಕೃತ್ತಿನ ಜೀವಕೋಶಗಳಲ್ಲಿ ಅಡಗಿ ಕೂರಬಲ್ಲದು, ಹಾಗಾಗಿ ಇಂಥವರ ಲಿವರ್ ಕಸಿ ಮಾಡುವಾಗ ಅಪಾಯ ಜಾಸ್ತಿ. ಕಿಡ್ನಿಯ ವಿಷಯ ಬೇರೆ. ಅಪಾಯ ಸೊನ್ನೆಯಲ್ಲ, ಆದರೆ ಬಹಳ ಕಡಿಮೆ. ಪಡೆಯುವವರಿಗೆ ಹೆಪಟೈಟಿಸ್ ಬಿ ವಿರುದ್ಧ ರೋಗನಿರೋಧಕ ಶಕ್ತಿ ಇದ್ದರೆ ತೀರಾ ಅತ್ಯಲ್ಪ. ದಾನಿಯ ಸೋಂಕು ಇತ್ತೀಚಿನದಲ್ಲ ಎಂದು ಐಜಿಎಂ ಪರೀಕ್ಷೆಯಿಂದಲೂ, ರಕ್ತದಲ್ಲಿ ವೈರಸ್ ಇಲ್ಲವೆಂದು ಡಿಎನ್‌ಎ ಪರೀಕ್ಷೆಯಿಂದಲೂ ಖಚಿತಪಡಿಸಿಕೊಳ್ಳಲೇಬೇಕು.

ಆದರೆ ಎಲ್ಲರ ಕಣ್ಣೂ ದಾನಿಯ ಮೇಲೆಯೇ. ಪಡೆಯುವವರ ಲಸಿಕೆಯ ಕಡೆ ನೋಡುವವರು ಕಡಿಮೆ. ಡಯಾಲಿಸಿಸ್ ರೋಗಿಗಳಿಗೆ ಮಾಮೂಲಿನ ಎರಡರಷ್ಟು, ಅಂದರೆ 40 ಮೈಕ್ರೊಗ್ರಾಂ ಲಸಿಕೆಯನ್ನು 0, 1, 2 ಮತ್ತು 6ನೇ ತಿಂಗಳಲ್ಲಿ ಕೊಡುವುದು ರೂಢಿ. ಕಿಡ್ನಿ ಸೋತಷ್ಟೂ ಲಸಿಕೆಗೆ ದೇಹ ಸ್ಪಂದಿಸುವುದು ಕಡಿಮೆಯಾಗುವುದರಿಂದ, ಡಯಾಲಿಸಿಸ್ ಶುರುವಾಗುವ ಮುಂಚೆಯೇ ಹಾಕಿಸಿದರೆ ಒಳ್ಳೆಯದು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಟೈಟರ್, ಅಂದರೆ ರಕ್ತದಲ್ಲಿ ರಕ್ಷಣೆ ಕೊಡುವ ಆಂಟಿಬಾಡಿಯ ಮಟ್ಟ, ನೋಡಬೇಕು, ಅದು ಕನಿಷ್ಠ 10 mIU/mL ಇರಬೇಕು. ಎಷ್ಟೋ ಫೈಲುಗಳಲ್ಲಿ ಲಸಿಕೆಯ ನಾಲ್ಕೂ ಮನೆಗಳಿಗೆ ಟಿಕ್ ಬಿದ್ದಿರುತ್ತದೆ, ಟೈಟರ್ ಬರೆಯುವ ಜಾಗ ಮಾತ್ರ ಖಾಲಿ! ಇಂಜೆಕ್ಷನ್ ಚುಚ್ಚಿದ್ದಕ್ಕೇ ರಕ್ಷಣೆ ಸಿಕ್ಕಿತೆಂದು ನಂಬಿ ಕೂರುವುದು ಸರಿಯಲ್ಲ. ಟೈಟರ್ ಕಾಲಕ್ರಮೇಣ ಇಳಿಯುತ್ತದೆ, ವರ್ಷಕ್ಕೊಮ್ಮೆ ನೋಡಿ ಬೇಕಾದರೆ ಬೂಸ್ಟರ್ ಕೊಡಬೇಕು. ಕಸಿಯಾದ ಮೇಲೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳು ನಡೆಯುತ್ತಿರುವಾಗ ಲಸಿಕೆ ಹಿಡಿಯುವುದು ಇನ್ನೂ ಕಷ್ಟ.

ಲಸಿಕೆ ಹಿಡಿಯದವರಿಗೂ ದಾರಿ ಮುಚ್ಚಿಲ್ಲ. ಎಂಟೆಕಾವಿರ್, ಟೆನೊಫೊವಿರ್‌ನಂಥ ಮಾತ್ರೆಗಳನ್ನು ಮುನ್ನೆಚ್ಚರಿಕೆಯಾಗಿ ಕೊಟ್ಟು, ಕಸಿಯ ನಂತರ ಆಗಾಗ ರಕ್ತ ಪರೀಕ್ಷಿಸುತ್ತಾ ಹೋಗಬಹುದು. ಅದನ್ನು ತೀರ್ಮಾನಿಸಬೇಕಾದವರು ಕಿಡ್ನಿ ಮತ್ತು ಲಿವರ್ ತಜ್ಞರು. ಅಪಾಯ ಎಷ್ಟೆಂದು ತಿಳಿದು ಒಪ್ಪುವುದು ರೋಗಿಗೆ ಬಿಟ್ಟದ್ದು; ವಾರ್ಡಿನ ಪಿಸುಮಾತಾಗಲೀ ನೆಂಟರ ಹೆದರಿಕೆಯಾಗಲೀ ಅದನ್ನು ನಿರ್ಧರಿಸಬಾರದು.

ಮನೆಯವರೊಬ್ಬರನ್ನು ಸುಮ್ಮನೆ ಕೈಬಿಟ್ಟರೆ ರೋಗಿ ಮೃತ ದಾನಿಯ ಕಿಡ್ನಿಗಾಗಿ ಝಡ್‌ಟಿಸಿಸಿಯ (ಅಂಗಾಂಗ ಹಂಚಿಕೆ ನೋಡಿಕೊಳ್ಳುವ ವಲಯ ಕೇಂದ್ರ) ಕಾಯುವ ಪಟ್ಟಿ ಸೇರಬೇಕು. ಅಲ್ಲಿ ಸರದಿ ಬರಲು ವರ್ಷಗಳೇ ಹಿಡಿಯುತ್ತವೆ. ಆದ್ದರಿಂದ ಆಸ್ಪತ್ರೆಗಳ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರುಗಳು ದಂಪತಿಯನ್ನು ಒಟ್ಟಿಗೆ ಕೂರಿಸಿಕೊಂಡು, ಅವರಿಗೆ ತಿಳಿಯುವ ಭಾಷೆಯಲ್ಲಿ ವರದಿಯನ್ನು ಸಾಲು ಸಾಲಾಗಿ ವಿವರಿಸಬೇಕು. ಬಿಪಿ, ಶುಗರ್ ತಪಾಸಣಾ ಶಿಬಿರ ನಡೆಸುವ ನಮ್ಮ ಕನ್ನಡ ಸಂಘಗಳು ಕಿಡ್ನಿ ಕಾಯಿಲೆಯವರ ಹೆಪಟೈಟಿಸ್ ಬಿ ಲಸಿಕೆಯನ್ನೂ ಕೈಗೆತ್ತಿಕೊಳ್ಳಲಿ. ಇನ್ನು ಡಯಾಲಿಸಿಸ್‌ನಲ್ಲಿರುವ ಓದುಗರು ಮುಂದಿನ ಸಲ ಹೋದಾಗ ತಮ್ಮ ಫೈಲು ತೆಗೆಸಿ, ಟೈಟರ್ ಎಷ್ಟಿದೆ, ಯಾವತ್ತು ನೋಡಿದ್ದು ಎಂದು ಕೇಳಿ ಬರೆದಿಟ್ಟುಕೊಳ್ಳಬೇಕಾಗಿ ವಿನಂತಿ.

ಇತಿ,
ನಿವೃತ್ತ ಸ್ಟಾಫ್ ನರ್ಸ್, ಡೊಂಬಿವಲಿ ಪೂರ್ವ